ಚಂದ ಇದ್ದವರಿಗೇ ಕೆಲಸ ಸಿಗುತ್ತದೆಯೇ? ರೂಪ, ಗುಣ ಮತ್ತು ಉದ್ಯೋಗದ ನಿಜವಾದ ಲೆಕ್ಕ

ನಾವು ‘ಪರ್ಸನಾಲಿಟಿ’ ಎಂಬ ಪದವನ್ನು ಹೇಗೆ ಬಳಸುತ್ತೇವೆ ಎಂದು ಗಮನಿಸಿದ್ದೀರಾ? “ಹುಡುಗನದು ಒಳ್ಳೇ ಪರ್ಸನಾಲಿಟಿ” ಎಂದು ಯಾರಾದರೂ ಹೇಳಿದರೆ ಅವನು ತಾಳ್ಮೆಯವನು, ಮಾತಿಗೆ ತಪ್ಪದವನು ಎಂದು ನಾವು ಅರ್ಥ ಮಾಡಿಕೊಳ್ಳುವುದಿಲ್ಲ. ಎತ್ತರವಾಗಿದ್ದಾನೆ, ಮೈಕಟ್ಟು ಚೆನ್ನಾಗಿದೆ ಎಂದುಕೊಳ್ಳುತ್ತೇವೆ. ಇಂಗ್ಲಿಷಿನಲ್ಲಿ ಸ್ವಭಾವವನ್ನು ಹೇಳುವ ಪದ ನಮ್ಮ ಆಡುಮಾತಿಗೆ ಬಂದು ದೇಹವನ್ನು ಹೇಳತೊಡಗಿದೆ. ಹೊರಗಿನದನ್ನು ನೋಡಿ ಒಳಗಿನದನ್ನು ತೀರ್ಮಾನಿಸುವ ನಮ್ಮ ಅಭ್ಯಾಸ ಈ ಒಂದು ಪದದಲ್ಲೇ ಕಾಣುತ್ತದೆ.

ಸಕಲೇಶಪುರ ತಾಲ್ಲೂಕಿನ ಹೆತ್ತೂರು ಹೋಬಳಿಯಂತಹ ಕಡೆ ಈ ಅಭ್ಯಾಸದ ಪರಿಣಾಮ ಸಣ್ಣದಲ್ಲ. ಊರಿನಲ್ಲಿ ಇರುವಷ್ಟು ದಿನ ಯಾರು ಹೇಗೆ ಕೆಲಸ ಮಾಡುತ್ತಾರೆ ಎಂಬುದು ಎಲ್ಲರಿಗೂ ಗೊತ್ತಿರುತ್ತದೆ. ಆದರೆ ಕಾಫಿ ತೋಟ, ಗದ್ದೆ ಬಿಟ್ಟು ಬೇರೆ ಉದ್ಯೋಗ ಬೇಕೆಂದರೆ ಹಾಸನದ ಅಥವಾ ಬೆಂಗಳೂರಿನ ಬಸ್ಸು ಹತ್ತಬೇಕು. ಅಲ್ಲಿ ಎದುರಿಗೆ ಕೂತವರಿಗೆ ನಿಮ್ಮ ಪರಿಚಯವಿಲ್ಲ. ಹತ್ತು ಹದಿನೈದು ನಿಮಿಷದ ಸಂದರ್ಶನದಲ್ಲಿ ಅವರು ನಿಮ್ಮನ್ನು ಅಳೆಯಬೇಕು. ಆಗ ಅವರ ಕಣ್ಣಿಗೆ ಮೊದಲು ಬೀಳುವುದು ಮುಖ, ಎತ್ತರ, ಬಣ್ಣ, ಬಟ್ಟೆ, ಮಾತಿನ ಧಾಟಿ.

ಈ ವಿಷಯದಲ್ಲಿ ಯುವಜನರಿಗೆ ಎರಡು ಬಗೆಯ ಉಪದೇಶ ಸಿಗುತ್ತದೆ. “ರೂಪದಲ್ಲಿ ಏನಿದೆ? ಪ್ರತಿಭೆ ಇದ್ದರೆ ಸಾಕು” ಎನ್ನುವುದು ಒಂದು. “ನೋಡೋಕೆ ಸ್ಮಾರ್ಟ್ ಆಗಿರಬೇಕು, ಇಲ್ಲದಿದ್ದರೆ ಯಾರೂ ಕೆಲಸ ಕೊಡಲ್ಲ” ಎನ್ನುವುದು ಇನ್ನೊಂದು. ಎರಡೂ ಅರ್ಧ ಸತ್ಯ. ಹಾಗಾದರೆ ಪೂರ್ತಿ ಸತ್ಯ ಯಾವುದು? ಒಂದೊಂದಾಗಿ ನೋಡೋಣ.

ಒಂದು ಗುಣ ನೋಡಿ ಹತ್ತು ಗುಣ ಊಹಿಸುವ ಮನಸ್ಸು

1920ರಲ್ಲಿ ಅಮೆರಿಕದ ಮನಃಶಾಸ್ತ್ರಜ್ಞ ಎಡ್ವರ್ಡ್ ಥಾರ್ನ್‌ಡೈಕ್ ಒಂದು ವಿಚಿತ್ರವನ್ನು ಗಮನಿಸಿದರು. ಸೇನಾಧಿಕಾರಿಗಳು ತಮ್ಮ ಕೈಕೆಳಗಿನವರಿಗೆ ಮೈಕಟ್ಟು, ಬುದ್ಧಿ, ನಾಯಕತ್ವ, ನಡತೆ ಹೀಗೆ ಬೇರೆ ಬೇರೆ ಅಂಕ ಕೊಡಬೇಕಿತ್ತು. ಇವೆಲ್ಲ ಒಂದಕ್ಕೊಂದು ಅಷ್ಟಾಗಿ ಸಂಬಂಧವಿಲ್ಲದ ಗುಣಗಳು. ಆದರೂ ಒಂದರಲ್ಲಿ ಹೆಚ್ಚು ಅಂಕ ಪಡೆದವರಿಗೆ ಉಳಿದವುಗಳಲ್ಲೂ ಹೆಚ್ಚು ಅಂಕ ಬಿದ್ದಿತ್ತು. ಅಧಿಕಾರಿಗಳು ಗುಣಗಳನ್ನು ಬಿಡಿಬಿಡಿಯಾಗಿ ಅಳೆಯದೆ, ಒಟ್ಟಾರೆ ಅಭಿಪ್ರಾಯವೊಂದನ್ನು ಎಲ್ಲ ಕಡೆಗೂ ಹಂಚಿದ್ದರು. ಥಾರ್ನ್‌ಡೈಕ್ ಇದನ್ನು ‘ಹೇಲೋ’ ಎಂದು ಕರೆದರು. ದೇವರ ಪಟದಲ್ಲಿ ತಲೆಯ ಹಿಂದೆ ಇರುವ ಪ್ರಭಾವಳಿಯಂತೆ ಒಂದು ಒಳ್ಳೆಯ ಅಂಶದ ಬೆಳಕು ಉಳಿದೆಲ್ಲದರ ಮೇಲೂ ಬೀಳುತ್ತದೆ ಎಂಬುದು ಇದರ ಅರ್ಥ.

1972ರಲ್ಲಿ ಕ್ಯಾರನ್ ಡಯನ್ ಮತ್ತು ಸಂಗಡಿಗರು ವಿದ್ಯಾರ್ಥಿಗಳಿಗೆ ಅಪರಿಚಿತರ ಫೋಟೊ ತೋರಿಸಿ ಅಭಿಪ್ರಾಯ ಕೇಳಿದರು. ಚಂದ ಕಾಣುವವರ ಸ್ವಭಾವವೂ ಒಳ್ಳೆಯದು, ಅವರಿಗೆ ಒಳ್ಳೆಯ ಉದ್ಯೋಗವೂ ಇರುತ್ತದೆ ಎಂದು ಜನ ಊಹಿಸಿದರು. ಫೋಟೊ ಬಿಟ್ಟರೆ ಬೇರೆ ಯಾವ ಮಾಹಿತಿಯೂ ಅವರ ಬಳಿ ಇರಲಿಲ್ಲ.

ಈ ಊಹೆ ಎಷ್ಟು ಬೇಗ ಆಗುತ್ತದೆ? 2006ರಲ್ಲಿ ಜನೈನ್ ವಿಲಿಸ್ ಮತ್ತು ಅಲೆಕ್ಸಾಂಡರ್ ತೊಡೊರೊವ್ ನಡೆಸಿದ ಪ್ರಯೋಗದ ಪ್ರಕಾರ ಒಂದು ಸೆಕೆಂಡಿನ ಹತ್ತನೇ ಒಂದು ಭಾಗ ಸಾಕು. ಹೆಚ್ಚು ಹೊತ್ತು ನೋಡಲು ಬಿಟ್ಟರೆ ತೀರ್ಮಾನ ಅಷ್ಟಾಗಿ ಬದಲಾಗುವುದಿಲ್ಲ, ಅದರ ಮೇಲಿನ ನಂಬಿಕೆ ಮಾತ್ರ ಹೆಚ್ಚುತ್ತದೆ. ಇದಕ್ಕೂ ಒಂದು ವರ್ಷ ಮೊದಲು ತೊಡೊರೊವ್ ತಂಡ ಅಮೆರಿಕದ ಸೆನೆಟ್ ಚುನಾವಣೆಯ ಅಭ್ಯರ್ಥಿಗಳ ಫೋಟೊಗಳನ್ನು, ಅವರ ಪರಿಚಯವಿಲ್ಲದ ಜನರಿಗೆ ತೋರಿಸಿ “ಇವರಲ್ಲಿ ಯಾರು ಸಮರ್ಥರಂತೆ ಕಾಣುತ್ತಾರೆ?” ಎಂದು ಕೇಳಿತ್ತು. ಹಾಗೆ ಆರಿಸಿದ ಮುಖವೇ ಸುಮಾರು ಶೇ. 70ರಷ್ಟು ಕಡೆ ಗೆದ್ದಿತ್ತು.

ಇಲ್ಲಿ ಒಂದು ಮಾತು ನೆನಪಿಡಬೇಕು. ಈ ಪ್ರಯೋಗಗಳು ಹೇಳುವುದು ಚಂದ ಇದ್ದವರು ಸಮರ್ಥರು ಎಂದಲ್ಲ. ನೋಡುವವರು ಹಾಗೆ ಭಾವಿಸುತ್ತಾರೆ ಎಂದು ಮಾತ್ರ.

ಸಂಬಳದಲ್ಲಿ ವ್ಯತ್ಯಾಸ ಇದೆಯೇ?

ಇದೆ. 1994ರಲ್ಲಿ ಡೇನಿಯಲ್ ಹ್ಯಾಮರ್‌ಮೆಶ್ ಮತ್ತು ಜೆಫ್ ಬಿಡಲ್ ಎಂಬ ಅರ್ಥಶಾಸ್ತ್ರಜ್ಞರು ಅಮೆರಿಕ ಮತ್ತು ಕೆನಡಾದ ಸಮೀಕ್ಷೆಗಳನ್ನು ವಿಶ್ಲೇಷಿಸಿದರು. ಸಾಧಾರಣ ರೂಪದವರಿಗೆ ಹೋಲಿಸಿದರೆ, ರೂಪದಲ್ಲಿ ಕಡಿಮೆ ಅಂಕ ಪಡೆದವರ ಗಳಿಕೆ ಶೇ. 5ರಿಂದ 10ರಷ್ಟು ಕಡಿಮೆ ಇತ್ತು. ಚಂದ ಇದ್ದವರಿಗೆ ಸಿಗುವ ಲಾಭ ಈ ನಷ್ಟಕ್ಕಿಂತ ಸ್ವಲ್ಪ ಚಿಕ್ಕದು. ಇದು ಹೆಂಗಸರ ಸಮಸ್ಯೆ ಮಾತ್ರ ಎಂಬ ನಂಬಿಕೆಯೂ ಅಲ್ಲಿ ಬಿದ್ದುಹೋಯಿತು. ಗಂಡಸರ ಮೇಲೂ ಪರಿಣಾಮ ಅಷ್ಟೇ ಇತ್ತು.

ಹಾಗಾದರೆ ಚಂದ ಇದ್ದವರು ನಿಜಕ್ಕೂ ಚೆನ್ನಾಗಿ ಕೆಲಸ ಮಾಡುತ್ತಾರೆಯೇ? 2006ರಲ್ಲಿ ಮಾರ್ಕಸ್ ಮೋಬಿಯಸ್ ಮತ್ತು ತಾನ್ಯಾ ರೋಸೆನ್‌ಬ್ಲಾಟ್ ಇದನ್ನು ಪರೀಕ್ಷಿಸಿದರು. ಕೆಲಸಗಾರರಾಗಿ ಬಂದವರು ಕಂಪ್ಯೂಟರಿನಲ್ಲಿ ದಾರಿ ಹುಡುಕುವ ಒಗಟುಗಳನ್ನು ಬಿಡಿಸಬೇಕಿತ್ತು. ಉದ್ಯೋಗದಾತರಾಗಿ ಬಂದವರು ಯಾರು ಎಷ್ಟು ಬಿಡಿಸಬಹುದೆಂದು ಅಂದಾಜಿಸಬೇಕಿತ್ತು. ಒಗಟು ಬಿಡಿಸುವುದರಲ್ಲಿ ಚಂದ ಇದ್ದವರಿಗೂ ಇಲ್ಲದವರಿಗೂ ವ್ಯತ್ಯಾಸವೇ ಇರಲಿಲ್ಲ. ಆದರೆ ಉದ್ಯೋಗದಾತರ ಅಂದಾಜು ಚಂದ ಇದ್ದವರ ಕಡೆಗೇ ವಾಲಿತ್ತು. ಫೋನಿನಲ್ಲಿ ಮಾತ್ರ ಮಾತನಾಡಿದಾಗ, ಅಂದರೆ ಮುಖವೇ ಕಾಣದಿದ್ದಾಗಲೂ, ಅವರಿಗೆ ಸ್ವಲ್ಪ ಲಾಭ ಸಿಕ್ಕಿತು!

ಇದು ಹೇಗೆ ಸಾಧ್ಯ? ಅವರ ಮಾತಿನಲ್ಲಿ ಆತ್ಮವಿಶ್ವಾಸ ಹೆಚ್ಚಿತ್ತು. ಚಿಕ್ಕಂದಿನಿಂದ ಎಲ್ಲರೂ ನಕ್ಕು ಮಾತನಾಡಿಸಿದ ಮಗು ಧೈರ್ಯವಾಗಿ ಮಾತನಾಡಲು ಕಲಿಯುತ್ತದೆ ಎಂಬುದು ಇದಕ್ಕೆ ಕೊಡಬಹುದಾದ ಒಂದು ವಿವರಣೆ. ಹಾಗಿದ್ದರೆ ‘ಹುಟ್ಟುಗುಣ’ ಎಂದು ನಾವು ಹೊಗಳುವುದರಲ್ಲಿ ಒಂದು ಪಾಲು, ಸುತ್ತಲಿನವರು ಅವರನ್ನು ನಡೆಸಿಕೊಂಡ ರೀತಿಯ ಫಲ.

ಎತ್ತರದ ಹಿಂದೆ ಇರುವುದು ಬಾಲ್ಯದ ಊಟ

ಎತ್ತರದವರು ಹೆಚ್ಚು ಗಳಿಸುತ್ತಾರೆ ಎಂಬುದೂ ಸುಳ್ಳಲ್ಲ. 2004ರಲ್ಲಿ ತಿಮೋತಿ ಜಡ್ಜ್ ಮತ್ತು ಡೇನಿಯಲ್ ಕೇಬಲ್ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ, ಒಂದು ಅಂಗುಲ ಎತ್ತರಕ್ಕೆ ವರ್ಷಕ್ಕೆ ಸುಮಾರು 789 ಡಾಲರ್ ವ್ಯತ್ಯಾಸ ಇದೆ ಎಂದು ಅಂದಾಜಿಸಿದರು. ಆದರೆ ಅದೇ ವರ್ಷ ಪ್ರಕಟವಾದ ಇನ್ನೊಂದು ಅಧ್ಯಯನ ಬೇರೆಯೇ ಮಾತು ಹೇಳಿತು. ಲೆಕ್ಕಕ್ಕೆ ಬರುವುದು ಈಗಿನ ಎತ್ತರವಲ್ಲ, ಹದಿಹರೆಯದಲ್ಲಿ ಇದ್ದ ಎತ್ತರ. ಆ ವಯಸ್ಸಿನಲ್ಲಿ ಎತ್ತರವಿದ್ದವರು ಆಟೋಟ, ಸಂಘಗಳಲ್ಲಿ ಹೆಚ್ಚು ತೊಡಗಿಕೊಂಡಿದ್ದರು. 2008ರಲ್ಲಿ ಆನ್ ಕೇಸ್ ಮತ್ತು ಕ್ರಿಸ್ಟಿನಾ ಪ್ಯಾಕ್ಸನ್ ಇನ್ನೂ ಹಿಂದಕ್ಕೆ ಹೋದರು. ಬಾಲ್ಯದಲ್ಲಿ ಒಳ್ಳೆಯ ಆಹಾರ, ಆರೋಗ್ಯ ಸಿಕ್ಕ ಮಗುವಿನ ದೇಹವೂ ಬೆಳೆಯುತ್ತದೆ, ಮೆದುಳೂ ಬೆಳೆಯುತ್ತದೆ. ಹಾಗಾಗಿ ಎತ್ತರ ಮತ್ತು ಕಲಿಕೆಯ ಸಾಮರ್ಥ್ಯ ಒಟ್ಟಿಗೆ ಕಾಣಿಸಿಕೊಳ್ಳುತ್ತವೆ.

ಇದನ್ನು ಕರ್ನಾಟಕಕ್ಕೆ ಅನ್ವಯಿಸಿ ನೋಡಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35.4ರಷ್ಟು ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಅಂದರೆ ಮೂರರಲ್ಲಿ ಒಂದಕ್ಕಿಂತ ಹೆಚ್ಚು ಮಕ್ಕಳು ಯಾವ ಸಂದರ್ಶನಕ್ಕೂ ಹೋಗುವ ಮೊದಲೇ ಹಿಂದೆ ಬಿದ್ದಿದ್ದಾರೆ. 2013ರ ಆಗಸ್ಟ್‌ನಲ್ಲಿ ಆರಂಭವಾದ ಕ್ಷೀರಭಾಗ್ಯದ ಹಾಲು, ಅಂಗನವಾಡಿಯ ಮೊಟ್ಟೆ ಇವು ಬರೀ ಹೊಟ್ಟೆಯ ವಿಷಯವಲ್ಲ, ಮುಂದಿನ ಉದ್ಯೋಗದ ವಿಷಯವೂ ಹೌದು.

ಅದೇ ಹೊತ್ತಿಗೆ ಡಿಗ್ರಿ ಓದುವ ಹುಡುಗರಿಗೆ ‘ಎತ್ತರ ಹೆಚ್ಚಿಸುವ ಪುಡಿ’ ಮಾರುವ ಜಾಹೀರಾತುಗಳನ್ನು ನಂಬಬೇಡಿ. ಮೂಳೆಗಳ ತುದಿಯಲ್ಲಿರುವ ಬೆಳವಣಿಗೆಯ ಪಟ್ಟಿಗಳು ಹದಿಹರೆಯದ ಕೊನೆಗೆ ಮುಚ್ಚಿಕೊಳ್ಳುತ್ತವೆ. ಆಮೇಲೆ ಯಾವ ಪುಡಿಯೂ ಅವನ್ನು ತೆರೆಯಲಾರದು.

ಬಣ್ಣದ ಭಯ ಮತ್ತು ಕ್ರೀಮಿನ ಅಪಾಯ

ನಮ್ಮಲ್ಲಿ ರೂಪದ ಮಾತು ಬಂದರೆ ಬಣ್ಣದ ಮಾತು ಬಂದೇ ಬರುತ್ತದೆ. ‘ಫೇರ್ ಅಂಡ್ ಲವ್ಲಿ’ 1975ರಲ್ಲಿ ಭಾರತದ ಮಾರುಕಟ್ಟೆಗೆ ಬಂತು. ಬೆಳ್ಳಗಾದ ಮೇಲೆ ಹುಡುಗಿಗೆ ಗಗನಸಖಿಯ ಕೆಲಸ ಸಿಕ್ಕಿತು ಎಂದು ತೋರಿಸಿದ ಅದರ ಜಾಹೀರಾತೊಂದು ಮಹಿಳಾ ಸಂಘಟನೆಗಳ ವಿರೋಧದ ನಂತರ 2003ರಲ್ಲಿ ನಿಂತಿತು. 2014ರಲ್ಲಿ ಭಾರತೀಯ ಜಾಹೀರಾತು ಮಾನದಂಡ ಮಂಡಳಿ, ಕಪ್ಪು ಬಣ್ಣದವರು ಮದುವೆಯಲ್ಲೋ ಕೆಲಸದಲ್ಲೋ ಹಿಂದುಳಿಯುತ್ತಾರೆ ಎಂದು ಜಾಹೀರಾತಿನಲ್ಲಿ ತೋರಿಸಬಾರದು ಎಂದಿತು. 2020ರಲ್ಲಿ ಆ ಕ್ರೀಮಿನ ಹೆಸರೇ ‘ಗ್ಲೋ ಅಂಡ್ ಲವ್ಲಿ’ ಆಯಿತು. ಹೆಸರು ಬದಲಾಯಿತು ನಿಜ, ಆದರೆ ಭಯ ಹೋಗಲಿಲ್ಲ. ಆ ಭಯವನ್ನು ಈಗ ಹೆಸರಿಲ್ಲದ ಡಬ್ಬಿಗಳೂ ಬಳಸಿಕೊಳ್ಳುತ್ತಿವೆ.

ಅಪಾಯ ಇರುವುದು ಇಲ್ಲೇ. 2023ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯ ವೈದ್ಯರು ಅಪರೂಪದ ಮೂತ್ರಪಿಂಡದ ಕಾಯಿಲೆಯೊಂದು ಒಬ್ಬರಾದ ಮೇಲೆ ಒಬ್ಬರಲ್ಲಿ ಕಾಣಿಸಿಕೊಂಡದ್ದನ್ನು ಗಮನಿಸಿದರು. ವಿಚಾರಿಸಿದಾಗ ರೋಗಿಗಳಲ್ಲಿ ಹಲವರು ಬೆಳ್ಳಗಾಗುವ ಕ್ರೀಮ್ ಹಚ್ಚುತ್ತಿದ್ದದ್ದು ತಿಳಿಯಿತು. ಕ್ರೀಮಿನಲ್ಲಿ ಪಾದರಸ ಇತ್ತು. ಪಾದರಸ ಚರ್ಮದ ಮೂಲಕ ರಕ್ತಕ್ಕೆ ಇಳಿದು ಮೂತ್ರಪಿಂಡವನ್ನು ಹಾಳುಮಾಡಬಲ್ಲದು. ಇನ್ನು ಕೆಲವರು ಮೆಡಿಕಲ್ ಸ್ಟೋರಿನಿಂದ ಸ್ಟೀರಾಯ್ಡ್ ಇರುವ ಮುಲಾಮು ತಂದು ಮುಖಕ್ಕೆ ಹಚ್ಚುತ್ತಾರೆ. ಮೊದಮೊದಲು ಮುಖ ತಿಳಿಯಾದಂತೆ ಕಾಣುತ್ತದೆ. ಆಮೇಲೆ ಚರ್ಮ ತೆಳುವಾಗುತ್ತದೆ, ಮೊಡವೆ ಏಳುತ್ತದೆ, ಬಿಸಿಲಿಗೆ ಹೋದರೆ ಉರಿಯುತ್ತದೆ. ನಿಲ್ಲಿಸಿದರೆ ಇನ್ನೂ ಕೆರಳುತ್ತದೆ. ಇಂತಹ 14 ಬಗೆಯ ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದೆಂದು 2018ರಲ್ಲಿ ಕೇಂದ್ರ ಸರ್ಕಾರ ನಿಯಮ ಮಾಡಿತು. ಕೆಲಸದ ಆಸೆಗೆ ಆರೋಗ್ಯವನ್ನೇ ಕಳೆದುಕೊಳ್ಳುವ ವ್ಯಾಪಾರ ಇದು. ತಯಾರಕರ ವಿಳಾಸ, ಬಳಸಿದ ಪದಾರ್ಥಗಳ ಪಟ್ಟಿ ಇಲ್ಲದ ಕ್ರೀಮನ್ನು ಮುಟ್ಟಬೇಡಿ.

“ಸಂವಹನದಲ್ಲಿ ಶೇ. 93 ಭಾಗ ಹಾವಭಾವ” ಎಂಬ ಮಿಥ್ಯೆ

ವ್ಯಕ್ತಿತ್ವ ವಿಕಸನದ ತರಗತಿಗಳಲ್ಲಿ ಈ ಮಾತನ್ನು ನೀವು ಕೇಳಿರಬಹುದು: “ಮಾತಿನ ಅರ್ಥಕ್ಕೆ ಬರೀ ಶೇ. 7, ಧ್ವನಿಗೆ ಶೇ. 38, ಹಾವಭಾವಕ್ಕೆ ಶೇ. 55.” ಸಂವಹನ ಶಾಸ್ತ್ರ ಓದಿದ ನಮಗೆ ಪದೇ ಪದೇ ಎದುರಾಗುವ ತಪ್ಪು ಅಂಕಿ ಇದು. 1967ರಲ್ಲಿ ಆಲ್ಬರ್ಟ್ ಮೆಹ್ರಾಬಿಯನ್ ಮಾಡಿದ ಎರಡು ಪ್ರಯೋಗಗಳಿಂದ ಇದು ಹುಟ್ಟಿತು. ಅಲ್ಲಿ ಇದ್ದದ್ದು ಸಂದರ್ಶನವೂ ಅಲ್ಲ, ಭಾಷಣವೂ ಅಲ್ಲ. ಒಂದೊಂದೇ ಪದವನ್ನು ಬೇರೆ ಬೇರೆ ಧ್ವನಿಯಲ್ಲಿ ಕೇಳಿಸಿ, ಮುಖದ ಫೋಟೊ ತೋರಿಸಿ, ಹೇಳಿದವರಿಗೆ ಇಷ್ಟವೋ ಅಲ್ಲವೋ ಎಂದು ಊಹಿಸಲು ಹೇಳಿದ್ದರು. ಭಾವನೆಗಳ ಬಗ್ಗೆ ಮಾತನಾಡುವಾಗ ಬಿಟ್ಟು ಬೇರೆಡೆ ಈ ಲೆಕ್ಕ ಅನ್ವಯಿಸುವುದಿಲ್ಲ ಎಂದು ಮೆಹ್ರಾಬಿಯನ್ ಅವರೇ ಸ್ಪಷ್ಟಪಡಿಸಿದ್ದಾರೆ.

ಈ ಮಿಥ್ಯೆಯಿಂದ ಆಗುವ ನಷ್ಟ ಏನು? ಅಭ್ಯರ್ಥಿ ಟೈ ಕಟ್ಟುವುದನ್ನು, ಕೈ ಕುಲುಕುವುದನ್ನು ಕಲಿಯುತ್ತಾನೆ. ಆದರೆ “ನೀವು ಮಾಡಿದ ಕೆಲಸದ ಬಗ್ಗೆ ಹೇಳಿ” ಎಂದಾಗ ಹೇಳಲು ಏನನ್ನೂ ಸಿದ್ಧಪಡಿಸಿರುವುದಿಲ್ಲ.

ಹಾಗಾದರೆ ಗುಣ ಎಷ್ಟು ಮುಖ್ಯ?

ಮನಃಶಾಸ್ತ್ರದಲ್ಲಿ ಸ್ವಭಾವವನ್ನು ಸಾಮಾನ್ಯವಾಗಿ ಐದು ಭಾಗವಾಗಿ ನೋಡುತ್ತಾರೆ: ಹೊಸದರ ಕುತೂಹಲ, ಅಚ್ಚುಕಟ್ಟುತನ, ಜನರೊಂದಿಗೆ ಬೆರೆಯುವಿಕೆ, ಹೊಂದಿಕೊಳ್ಳುವ ಗುಣ ಮತ್ತು ಮನಸ್ಸಿನ ಸ್ಥಿರತೆ. 1991ರಲ್ಲಿ ಮರ್ರೆ ಬ್ಯಾರಿಕ್ ಮತ್ತು ಮೈಕೇಲ್ ಮೌಂಟ್ ನೂರಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟಿಗೆ ನೋಡಿದರು. ಅವರು ನೋಡಿದ ಎಲ್ಲ ಬಗೆಯ ಉದ್ಯೋಗಗಳಲ್ಲೂ ಕೆಲಸದ ಗುಣಮಟ್ಟದೊಂದಿಗೆ ಸಂಬಂಧ ಕಂಡುಬಂದದ್ದು ಅಚ್ಚುಕಟ್ಟುತನಕ್ಕೆ. ಹೇಳಿದ ಹೊತ್ತಿಗೆ ಬರುವುದು, ಹಿಡಿದ ಕೆಲಸ ಮುಗಿಸುವುದು, ಯಾರೂ ನೋಡದಿದ್ದಾಗಲೂ ಸರಿಯಾಗಿ ಮಾಡುವುದು ಇದರಲ್ಲಿ ಸೇರುತ್ತದೆ. ಜನರೊಂದಿಗೆ ಬೆರೆಯುವ ಗುಣ ಮಾರಾಟ ಮತ್ತು ಮೇಲ್ವಿಚಾರಣೆಯಂತಹ ಕೆಲಸಗಳಲ್ಲಿ ನೆರವಾಗುತ್ತದೆ, ಎಲ್ಲ ಕಡೆಯೂ ಅಲ್ಲ.

ಆದರೆ ಒಳ್ಳೆಯ ಗುಣ ಇದ್ದರೆ ಒಳ್ಳೆಯ ಸಂಬಳ ಸಿಕ್ಕೇ ಸಿಗುತ್ತದೆ ಎಂದು ಹೇಳಲು ಬರುವುದಿಲ್ಲ. 2012ರ ಒಂದು ಅಧ್ಯಯನದಲ್ಲಿ ಎಲ್ಲರೊಂದಿಗೆ ಹೊಂದಿಕೊಂಡು ಹೋಗುವವರ, ಅದರಲ್ಲೂ ಗಂಡಸರ, ಗಳಿಕೆ ಕಡಿಮೆ ಇತ್ತು. ಕೇಳದವರಿಗೆ ಕೊಡುವವರು ಕಡಿಮೆ. ಇನ್ನೊಂದು ತೊಂದರೆ ಎಂದರೆ ಅಚ್ಚುಕಟ್ಟುತನ ಹತ್ತು ನಿಮಿಷದಲ್ಲಿ ಕಾಣುವುದಿಲ್ಲ. ಅದು ಕಾಣಲು ತಿಂಗಳುಗಳು ಬೇಕು. ರೂಪ ಕಾಣಲು ಅರೆಕ್ಷಣ ಸಾಕು. ಸಂದರ್ಶನದಲ್ಲಿ ರೂಪ ಗೆಲ್ಲುವುದು ಅದು ಹೆಚ್ಚು ಮುಖ್ಯ ಎಂಬ ಕಾರಣಕ್ಕಲ್ಲ, ಮೊದಲು ಕಾಣುತ್ತದೆ ಎಂಬ ಕಾರಣಕ್ಕೆ.

ಕಾಫಿಯನ್ನು ಅಳೆಯುತ್ತೇವೆ, ಮನುಷ್ಯರನ್ನು?

ಸಕಲೇಶಪುರದ ಕಡೆ ಕಾಫಿ ಬೆಳೆಯುವವರಿಗೆ ಒಂದು ವಿಷಯ ಚೆನ್ನಾಗಿ ಗೊತ್ತು. ಚೀಲ ನೋಡಲು ಚೆನ್ನಾಗಿದೆ ಎಂದು ವ್ಯಾಪಾರಿ ಹಣ ಕೊಡುವುದಿಲ್ಲ. ಚೆರಿ ಕಾಫಿಯ ಸ್ಯಾಂಪಲ್ ತೆಗೆದು, ಸಿಪ್ಪೆ ಬಿಡಿಸಿ, ಐವತ್ತು ಕೆ.ಜಿ. ಚೀಲಕ್ಕೆ ಎಷ್ಟು ಕೆ.ಜಿ. ಬೀಜ ಸಿಗುತ್ತದೆ ಎಂದು ಔಟ್‌ಟರ್ನ್ ನೋಡುತ್ತಾನೆ. ತೇವಾಂಶ ಅಳೆಯುತ್ತಾನೆ. ಬೆಲೆ ನಿಲ್ಲುವುದು ಅದರ ಮೇಲೆ. ಕಾಳಿನ ಗಾತ್ರ ಒಂದು ಲೆಕ್ಕ, ಕುಡಿದಾಗಿನ ರುಚಿ ಇನ್ನೊಂದು ಲೆಕ್ಕ. ಎರಡನ್ನೂ ಬೇರೆ ಬೇರೆಯಾಗಿ ನೋಡುತ್ತಾರೆ. ಕಾಫಿಗೆ ಇರುವ ಈ ಶಿಸ್ತು ಮನುಷ್ಯರನ್ನು ಕೆಲಸಕ್ಕೆ ತೆಗೆದುಕೊಳ್ಳುವಾಗ ಇರುವುದಿಲ್ಲ.

ಇರಬಹುದು ಎಂದು ಸಂಶೋಧನೆ ಹೇಳುತ್ತದೆ. 2022ರಲ್ಲಿ ಪಾಲ್ ಸ್ಯಾಕೆಟ್ ಮತ್ತು ಸಂಗಡಿಗರು ಆಯ್ಕೆಯ ವಿಧಾನಗಳನ್ನು ಹೋಲಿಸಿದರು. ಇಲ್ಲಿ 0 ಎಂದರೆ ನಾಣ್ಯ ಚಿಮ್ಮಿ ಆರಿಸಿದಂತೆ, 1 ಎಂದರೆ ಊಹೆ ಎಂದೂ ತಪ್ಪದಂತೆ. ಮನಸ್ಸಿಗೆ ಬಂದದ್ದು ಕೇಳುವ ಮಾಮೂಲಿ ಸಂದರ್ಶನಕ್ಕೆ ಸಿಕ್ಕಿದ್ದು 0.19. ಎಲ್ಲರಿಗೂ ಒಂದೇ ಪ್ರಶ್ನೆ, ಮೊದಲೇ ನಿಗದಿಯಾದ ಅಂಕ ಇರುವ ಸಂದರ್ಶನಕ್ಕೆ 0.42. ಸಂದರ್ಶನ ಮಾಡುವವರು ಅದೇ ಮನುಷ್ಯರು, ಬದಲಾದದ್ದು ವಿಧಾನ ಮಾತ್ರ.

ಕೇಂದ್ರ ಸರ್ಕಾರ 2016ರ ಜನವರಿ 1ರಿಂದ ‘ಸಿ’ ಗುಂಪಿನ ಮತ್ತು ‘ಬಿ’ ಗುಂಪಿನ ಪತ್ರಾಂಕಿತವಲ್ಲದ ಹುದ್ದೆಗಳಿಗೆ ಸಂದರ್ಶನವನ್ನೇ ಕೈಬಿಟ್ಟಿತು. ನಮ್ಮ ರಾಜ್ಯದಲ್ಲಿ ಕೆಪಿಎಸ್‌ಸಿಯ 2011ನೇ ಸಾಲಿನ 362 ಹುದ್ದೆಗಳ ಆಯ್ಕೆಯಲ್ಲಿ ಸಂದರ್ಶನದ ಅಂಕಗಳ ಬಗ್ಗೆ ಆರೋಪ ಬಂದು, ಸಿಐಡಿ ತನಿಖೆ ನಡೆದು, 2014ರಲ್ಲಿ ಸರ್ಕಾರ ಪಟ್ಟಿಯನ್ನೇ ಹಿಂಪಡೆಯಿತು. ವರ್ಷಗಟ್ಟಲೆ ನ್ಯಾಯಾಲಯದಲ್ಲಿ ನಡೆದ ವಿವಾದ ಅದು. ಅಲ್ಲಿ ಪ್ರಶ್ನೆ ಇದ್ದದ್ದು ರೂಪದ್ದಲ್ಲ. ಆದರೆ ಆಯ್ಕೆಯಲ್ಲಿ ಎಲ್ಲಕ್ಕಿಂತ ಸಡಿಲವಾದ ಜಾಗ ಸಂದರ್ಶನ ಎಂಬುದು ಅದರಿಂದಲೂ ತಿಳಿಯುತ್ತದೆ.

ಸಂದರ್ಶನಕ್ಕೆ ಕರೆ ಬರುವ ಮೊದಲೇ ಸೋರುವವರೂ ಇದ್ದಾರೆ. 2007ರಲ್ಲಿ ಪ್ರಕಟವಾದ ಸುಖದೇವ್ ಥೋರಟ್ ಮತ್ತು ಪಾಲ್ ಅಟ್ಟೆವೆಲ್ ಅವರ ಅಧ್ಯಯನದಲ್ಲಿ ಖಾಸಗಿ ಕಂಪನಿಗಳಿಗೆ ಒಂದೇ ರೀತಿಯ ಅರ್ಹತೆ ಇರುವ ಅರ್ಜಿಗಳನ್ನು ಬೇರೆ ಬೇರೆ ಹೆಸರಿನಲ್ಲಿ ಕಳಿಸಲಾಯಿತು. ದಲಿತ ಮತ್ತು ಮುಸ್ಲಿಂ ಹೆಸರುಗಳಿಗೆ ಮೇಲ್ಜಾತಿಯ ಹೆಸರುಗಳಿಗಿಂತ ಕಡಿಮೆ ಕರೆ ಬಂತು. ಅಲ್ಲಿ ಮುಖ ಕಂಡೇ ಇರಲಿಲ್ಲ. ಆದ್ದರಿಂದ “ನೋಡಲು ಸರಿಹೊಂದಲಿಲ್ಲ” ಎಂಬ ಮಾತಿನ ಹಿಂದೆ ಬರೀ ಚಂದದ ಲೆಕ್ಕವೇ ಇರಬೇಕೆಂದೇನಿಲ್ಲ.

ಅಂಕಪಟ್ಟಿ ಕಣ್ಣೆದುರು ಇರುವಲ್ಲಿ ರೂಪದ ಹಿಡಿತ ಸಡಿಲವಾಗುತ್ತದೆ. ಭದ್ರಾವತಿಯ ಜಿ.ಆರ್. ವಿಶ್ವನಾಥ್ ಕುಳ್ಳಗಿನ ಆಟಗಾರ. 1969ರಲ್ಲಿ ಕಾನ್ಪುರದಲ್ಲಿ ಆಡಿದ ಮೊದಲ ಟೆಸ್ಟ್‌ನ ಮೊದಲ ಇನಿಂಗ್ಸ್‌ನಲ್ಲಿ ಸೊನ್ನೆ, ಎರಡನೆಯದರಲ್ಲಿ 137. ರನ್‌ಗೆ ಎತ್ತರ ಇಲ್ಲ. ಸಿನಿಮಾದಲ್ಲಿ ರೂಪವೇ ಬಂಡವಾಳ ಎನ್ನುತ್ತಾರೆ. ಅಲ್ಲಿ ದ್ವಾರಕೀಶ್ ‘ಕುಳ್ಳ’ ಎಂಬುದನ್ನೇ ಗುರುತು ಮಾಡಿಕೊಂಡರು, 1969ರ ‘ಮೇಯರ್ ಮುತ್ತಣ್ಣ’ದಂತಹ ಚಿತ್ರಗಳನ್ನು ತಾವೇ ನಿರ್ಮಿಸಿದರು. ‘ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು’ ಎಂಬ ಗಾದೆಗೆ ಇವರು ಒಳ್ಳೆಯ ಉದಾಹರಣೆ. ಆದರೆ ಉದಾಹರಣೆಯೇ ಪುರಾವೆ ಅಲ್ಲ. ಗೆದ್ದವರ ಹೆಸರು ನಮಗೆ ನೆನಪಿರುತ್ತದೆ. ಬಾಗಿಲಲ್ಲೇ ವಾಪಸಾದವರ ಹೆಸರು ಯಾರಿಗೂ ಗೊತ್ತಿರುವುದಿಲ್ಲ.

ಹಾಗಾದರೆ ಏನು ಮಾಡಬಹುದು?

ಕೆಲಸ ಹುಡುಕುವವರು: ಶುಭ್ರ ಬಟ್ಟೆ, ಅಚ್ಚುಕಟ್ಟಾದ ತಲೆಗೂದಲು ಸಾಕು. ಅದಕ್ಕಿಂತ ಹೆಚ್ಚಿನ ಹಣವನ್ನು ಮುಖದ ಮೇಲೆ ಸುರಿಯಬೇಡಿ. ಮಾಡಿದ ಕೆಲಸಕ್ಕೆ ಸಾಕ್ಷಿ ಒಯ್ಯಿರಿ. ತೋಟದ ಲೆಕ್ಕ ಬರೆದಿದ್ದರೆ ಆ ಪುಸ್ತಕದ ಒಂದು ಪುಟ, ಕಂಪ್ಯೂಟರ್ ಕಲಿತಿದ್ದರೆ ನೀವೇ ಮಾಡಿದ ಒಂದು ಕಡತ, ಹಿಂದಿನ ಮಾಲೀಕರಿಂದ ಒಂದು ಪತ್ರ. ಗೊತ್ತಿರುವ ವಿಷಯವನ್ನು ಗಟ್ಟಿಯಾಗಿ ಹೇಳುವ ಅಭ್ಯಾಸ ಮಾಡಿ. ಆತ್ಮವಿಶ್ವಾಸದ ಮಾತು ಬಹುಪಾಲು ಅಭ್ಯಾಸದಿಂದ ಬರುತ್ತದೆ.

ಕೆಲಸ ಕೊಡುವವರು: ಹೋಂಸ್ಟೇ ಇರಲಿ, ಅಂಗಡಿ ಇರಲಿ, ಎಸ್ಟೇಟ್ ಆಫೀಸ್ ಇರಲಿ, ಬಂದ ಎಲ್ಲರಿಗೂ ಅದೇ ಐದು ಪ್ರಶ್ನೆ ಕೇಳಿ. ಉತ್ತರಕ್ಕೆ ಆಗಲೇ ಅಂಕ ಬರೆಯಿರಿ. ಸಾಧ್ಯವಾದರೆ ಅರ್ಧ ದಿನದ ಕೆಲಸ ಕೊಟ್ಟು, ಅದಕ್ಕೆ ಕೂಲಿಯನ್ನೂ ಕೊಟ್ಟು ನೋಡಿ. ಅರ್ಜಿಯಲ್ಲಿ ಫೋಟೊ ಕೇಳಬೇಡಿ.

ಶಿಕ್ಷಕರು, ತಂದೆ ತಾಯಿ: ತರಗತಿಯಲ್ಲಿ ಸ್ವಾಗತ ಭಾಷಣಕ್ಕೆ, ಪ್ರಾರ್ಥನೆಗೆ, ಅತಿಥಿಗೆ ಹೂ ಕೊಡಲು ಪ್ರತಿಸಲವೂ ಅದೇ ‘ಲಕ್ಷಣವಾಗಿರುವ’ ಮಗುವನ್ನು ಆರಿಸುತ್ತಿದ್ದೇವೆಯೇ ಎಂದು ಯೋಚಿಸಿ. ಮುಂದೆ ನಿಂತು ಮಾತನಾಡುವ ಅವಕಾಶ ಹಿಂದಿನ ಬೆಂಚಿನ ಮಗುವಿಗೂ ಸರದಿಯಂತೆ ಬರಲಿ. ಆತ್ಮವಿಶ್ವಾಸದ ವ್ಯತ್ಯಾಸ ಬೆಳೆಯುವ ಜಾಗಗಳಲ್ಲಿ ಶಾಲೆಯೂ ಒಂದು. ಅದನ್ನು ಸರಿಪಡಿಸಲು ದುಡ್ಡು ಬೇಕಿಲ್ಲ.

ಒಟ್ಟಿನಲ್ಲಿ ಹೇಳುವುದಾದರೆ ರೂಪಕ್ಕೂ ಯಶಸ್ಸಿಗೂ ಸಂಬಂಧ ಇದೆ. ಆದರೆ ಆ ಸಂಬಂಧದ ಬಹುಪಾಲು ಇರುವುದು ನೋಡುವವರ ಆತುರದಲ್ಲಿ. ಕೆಲಸವನ್ನು ಅಳೆಯುವ ಕ್ರಮ ಎಲ್ಲಿ ಗಟ್ಟಿಯಾಗಿದೆಯೋ ಅಲ್ಲಿ ರೂಪದ ತೂಕ ಕಡಿಮೆಯಾಗುತ್ತದೆ. ಕೆಲಸ ಸಿಗದ ದಿನ ಕನ್ನಡಿಯ ಮುಂದೆ ನಿಂತು ತಮ್ಮನ್ನೇ ದೂರಿಕೊಳ್ಳುವ ಹುಡುಗ ಹುಡುಗಿಯರಿಗೆ ಇಷ್ಟು ತಿಳಿದಿರಲಿ: ಸೋತದ್ದು ನಿಮ್ಮ ಮುಖ ಅಲ್ಲದಿರಬಹುದು, ನಿಮ್ಮನ್ನು ಅಳೆದ ತಕ್ಕಡಿಯೇ ಸರಿ ಇಲ್ಲದಿರಬಹುದು.